ದೊಡ್ಡ ಶಬ್ದದ ಬೆನ್ನು ಹತ್ತಿ ಸಣ್ಣ ಶಬ್ದಕ್ಕೆ ಎಡವಿದರು!

ಧಾರವಾಡಕ್ಕೆ ಜನ ಮೊದಲು ಪೇಡೆಗೆ ಬರುತ್ತಿದ್ದರು, ಹಾಡಿಗೆ ಬರುತ್ತಿದ್ದರು, ಕಾಲೇಜಿಗೆ ಬರುತ್ತಿದ್ದರು. ಈಗ ನೌಕರಿ ಪರೀಕ್ಷೆಯ ತಯಾರಿಗೆ ಬರುತ್ತಾರೆ. ಸಪ್ತಾಪುರದ ಓಣಿಗಳಲ್ಲಿ ಒಂದು ಸುತ್ತು ಹಾಕಿದರೆ ಸಾಕು. ಕೋಚಿಂಗ್ ಕ್ಲಾಸಿನ ಬೋರ್ಡು, ಅದರ ಮಗ್ಗುಲಿಗೆ ಝೆರಾಕ್ಸ್ ಅಂಗಡಿ, ಅದರ ಮೇಲೆ ತಿಂಗಳ ಬಾಡಿಗೆಗೆ ಕುರ್ಚಿ ಕೊಡುವ ಓದುವ ಖೋಲಿ, ಎದುರಿಗೆ ಖಾನಾವಳಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಗದಗ, ಹಾವೇರಿ, ಕೊಪ್ಪಳ ಕಡೆಯ ರೈತರ, ಕೂಲಿಕಾರರ, ಸಣ್ಣ ಅಂಗಡಿಕಾರರ ಮಕ್ಕಳು ಇಲ್ಲಿ ಎರಡು ವರ್ಷ, ಮೂರು ವರ್ಷ, ಕೆಲವರು ಐದು ವರ್ಷವೂ ತಳವೂರುತ್ತಾರೆ.

ಈ ಹುಡುಗ-ಹುಡುಗಿಯರ ಕೈಯಲ್ಲಿ ಒಂದು ಹಾಳೆಯ ಕಟ್ಟು ಇದ್ದೇ ಇರುತ್ತದೆ. ಅದು ಇಂಗ್ಲೀಷ್ ಕಠಿಣ ಶಬ್ದಗಳ ಪಟ್ಟಿ. ಎಡಗಡೆ ಶಬ್ದ, ಬಲಗಡೆ ಅರ್ಥ. "ಯುಬಿಕ್ವಿಟಸ್ ಅಂದರೆ ಎಲ್ಲೆಲ್ಲೂ ಇರುವಂಥದು. ಇಫೆಮರಲ್ ಅಂದರೆ ಕ್ಷಣಿಕ. ಪ್ಯೂಸಿಲ್ಯಾನಿಮಸ್ ಅಂದರೆ ಪುಕ್ಕಲ." ಹಿಂದೆ ಸಾಲಿಯಲ್ಲಿ ಮಗ್ಗಿ ಹೇಳುತ್ತಿದ್ದರಲ್ಲ, ಅದೇ ರಾಗ. "ತಮ್ಮಾ, ಈ ಶಬ್ದ ಎಲ್ಲಿ ಬಳಸ್ತೀ?" ಎಂದು ಯಾರಾದರೂ ಕೇಳಿದರೆ ಉತ್ತರ ತಯಾರಿದೆ: "ಬಳಸೂದಕ್ಕಲ್ರಿ, ಟಿಕ್ ಹಾಕೂದಕ್ಕ."

ಟಿಕ್ ಹಾಕುವುದಕ್ಕಾದರೂ ಇದು ಉಪಯೋಗಕ್ಕೆ ಬರುತ್ತಿದೆಯೇ? ನೋಡಬೇಕಾದ ಪ್ರಶ್ನೆ ಇದು. ಸಾವಿರ ಕಠಿಣ ಶಬ್ದ ಉರು ಹೊಡೆದ ಹುಡುಗನೇ ಪರೀಕ್ಷೆಯಲ್ಲಿ ಹತ್ತು ಸಾಲಿನ ಇಂಗ್ಲೀಷ್ ಪರಿಚ್ಛೇದ ಎದುರಾದಾಗ ಕೈಚೆಲ್ಲುತ್ತಾನೆ. ಅವನು ಎಡವುವುದು ದೊಡ್ಡ ಶಬ್ದಕ್ಕಲ್ಲ, ತನಗೆ ಗೊತ್ತಿದೆ ಎಂದು ತಿಳಿದುಕೊಂಡ ಸಣ್ಣ ಶಬ್ದಕ್ಕೆ. ಪಟ್ಟಿಯ ವ್ಯಾಪಾರ ಮಾಡುವವರು ಈ ಮಾತನ್ನು ಹೇಳುವುದಿಲ್ಲ. ಹೇಳಿದರೆ ಪಟ್ಟಿ ಖರ್ಚಾಗುವುದು ಹೇಗೆ?

ಅಂಕದ ಲೆಕ್ಕ

ಹುಡುಗರು ಸುಮ್ಮನೇ ಇಂಗ್ಲೀಷಿನ ಬೆನ್ನು ಹತ್ತಿಲ್ಲ. ಲೆಕ್ಕ ನೋಡಿಯೇ ಹತ್ತಿದ್ದಾರೆ.

ಕೇಂದ್ರ ಸರಕಾರದ ಕಚೇರಿಗಳಿಗೆ ಪದವೀಧರರನ್ನು ಆರಿಸುವ ಸಿಬ್ಬಂದಿ ನೇಮಕಾತಿ ಆಯೋಗದ ಸಿಜಿಎಲ್ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಮೊದಲನೇ ಹಂತದಲ್ಲಿ 100 ಪ್ರಶ್ನೆ, 200 ಅಂಕ. ಅದರಲ್ಲಿ ಇಂಗ್ಲೀಷಿನವು 25 ಪ್ರಶ್ನೆ, 50 ಅಂಕ. ತಪ್ಪು ಉತ್ತರ ಒಂದಕ್ಕೆ ಅರ್ಧ ಅಂಕ ಖೋತಾ. 2022ರಿಂದ ಜಾರಿಗೆ ಬಂದ ಪದ್ಧತಿಯಂತೆ ಎರಡನೇ ಹಂತದ ಮುಖ್ಯ ಪತ್ರಿಕೆಯಲ್ಲಿ ಕಂಪ್ಯೂಟರ್ ಭಾಗ ಬಿಟ್ಟು ಉಳಿದ 390 ಅಂಕಗಳ ಪೈಕಿ ಇಂಗ್ಲೀಷಿಗೇ 135. ಅಂದರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು. ಗಣಿತದಲ್ಲಿ ಹುಲಿಯಾಗಿರುವ ಹುಡುಗನೂ ಇಲ್ಲಿ ಇಲಿಯಾದರೆ ಪಟ್ಟಿಯಿಂದ ಹೊರಗೆ.

ಬ್ಯಾಂಕಿನ ಕಾರಕೂನ ಹುದ್ದೆಗೆ ನಡೆಯುವ ಐಬಿಪಿಎಸ್ ಪರೀಕ್ಷೆಯ ಪೂರ್ವಭಾವಿ ಹಂತದಲ್ಲಿ 100 ಪ್ರಶ್ನೆಗಳಲ್ಲಿ 30 ಇಂಗ್ಲೀಷಿನವು, 20 ನಿಮಿಷದ ವೇಳೆ. ಮೂರೂ ವಿಭಾಗಗಳಲ್ಲಿ ಬೇರೆ ಬೇರೆಯಾಗಿ ಪಾಸಾಗಬೇಕು. ಉಳಿದೆರಡರಲ್ಲಿ ಎಷ್ಟೇ ಅಂಕ ಬಂದರೂ ಇಂಗ್ಲೀಷಿನ ಗೆರೆ ದಾಟದವನಿಗೆ ಮುಂದಿನ ದಾರಿ ಬಂದ್. ಈ ಹುದ್ದೆಗೆ ಸಾಮಾನ್ಯ ವರ್ಗದ ವಯೋಮಿತಿ 28 ವರ್ಷ. ಇತರೆ ಹಿಂದುಳಿದ ವರ್ಗಕ್ಕೆ 3, ಪರಿಶಿಷ್ಟರಿಗೆ 5 ವರ್ಷ ರಿಯಾಯತಿ ಉಂಟು. ಇಪ್ಪತ್ತೆರಡಕ್ಕೆ ಪದವಿ ಮುಗಿಸಿ ಬಂದ ಹುಡುಗನಿಗೆ ಸಿಗುವುದು ಆರೇ ವರ್ಷ. ಅದರಲ್ಲಿ ಎರಡು ವರ್ಷ ಕೆಲಸಕ್ಕೆ ಬಾರದ ಪಟ್ಟಿಗೆ ಹೋದರೆ ಅವನ್ನು ವಾಪಸು ಕೊಡುವವರು ಯಾರು?

ಬಾಗಿಲು ತೆರೆಯಿತು, ಹೊಸ್ತಿಲು ಉಳಿಯಿತು

"ಈಗ ಕನ್ನಡದಲ್ಲೇ ಪರೀಕ್ಷೆ ಬರೀಬಹುದಲ್ಲ, ಇಂಗ್ಲೀಷ್ ಯಾಕೆ ಬೇಕು?" ಎಂದು ಹಳ್ಳಿಯ ಪಾಲಕರು ಕೇಳುವುದುಂಟು. ಅರ್ಧ ಸತ್ಯದ ಮಾತು.

ಕನ್ನಡಕ್ಕೆ ಬಾಗಿಲು ತೆರೆದದ್ದು ನಿಜ. ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳ ಪರೀಕ್ಷೆ ಕನ್ನಡವೂ ಸೇರಿದಂತೆ 13 ಭಾಷೆಗಳಲ್ಲಿ ನಡೆಯುವುದೆಂದು ಕೇಂದ್ರ ಹಣಕಾಸು ಮಂತ್ರಿ ನಿರ್ಮಲಾ ಸೀತಾರಾಮನ್ 2019ರಲ್ಲಿ ಪಾರ್ಲಿಮೆಂಟಿನಲ್ಲಿ ಘೋಷಿಸಿದರು. 2021ರಲ್ಲಿ ಸರಕಾರಿ ಬ್ಯಾಂಕುಗಳ ಕಾರಕೂನ ಪರೀಕ್ಷೆಗೂ ಅದೇ ತೀರ್ಮಾನವಾಯಿತು. 2023ರಲ್ಲಿ ಸಿಬ್ಬಂದಿ ನೇಮಕಾತಿ ಆಯೋಗವು ಎಂಟಿಎಸ್ ಮತ್ತು ಸಿಎಚ್‌ಎಸ್‌ಎಲ್ ಪರೀಕ್ಷೆಗಳಿಗೆ ಕನ್ನಡ ಸೇರಿಸಿತು. 2024ರ ಜನವರಿಯಿಂದ ಕೇಂದ್ರ ಪೊಲೀಸ್ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಗೂ ಕನ್ನಡ ಬಂತು. ಕನ್ನಡದ ಜನ, ಕನ್ನಡ ಸಂಘಟನೆಗಳು ವರ್ಷಗಟ್ಟಲೆ ಕೂಗಿದ ಕೂಗಿಗೆ ಸಿಕ್ಕ ಫಲ ಇದು, ಸಣ್ಣದಲ್ಲ.

ಆದರೆ ಗಣಿತದ ಪ್ರಶ್ನೆ, ತರ್ಕದ ಪ್ರಶ್ನೆ ಕನ್ನಡಕ್ಕೆ ಬಂದವೇ ಹೊರತು ಕಾರಕೂನ ಪರೀಕ್ಷೆಯ ಇಂಗ್ಲೀಷ್ ವಿಭಾಗ ಇದ್ದಲ್ಲೇ ಇದೆ. ಸಿಜಿಎಲ್ ಪರೀಕ್ಷೆಯಂತೂ 2025ರಲ್ಲೂ ನಡೆದದ್ದು ಇಂಗ್ಲೀಷ್ ಮತ್ತು ಹಿಂದಿಯಲ್ಲಿ ಮಾತ್ರ.

ಇದರಲ್ಲೊಂದು ವಿಚಿತ್ರ ನೋಡಿ. ಐಎಎಸ್ ಆಗಲಿಕ್ಕೆ ಬರೆಯುವ ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ 300 ಅಂಕದ ಒಂದು ಇಂಗ್ಲೀಷ್ ಪತ್ರಿಕೆ ಉಂಟು. ಅದರಲ್ಲಿ ನೂರಕ್ಕೆ 25ರಂತೆ ಬಂದರೆ ಸಾಕು, ಆ ಅಂಕ ರ್‍ಯಾಂಕಿಗೆ ಸೇರುವುದಿಲ್ಲ. ಉಳಿದ ಪತ್ರಿಕೆಗಳನ್ನು ಕನ್ನಡದಲ್ಲೇ ಬರೆಯಬಹುದು. 2013ರಲ್ಲಿ ಇಂಗ್ಲೀಷಿನ ಅಂಕವನ್ನೂ ರ್‍ಯಾಂಕಿಗೆ ಸೇರಿಸಲು ಹೊರಟಾಗ ದೇಶದ ತುಂಬ ಗದ್ದಲವೆದ್ದು ಸರಕಾರ ಹಿಂದೆ ಸರಿಯಬೇಕಾಯಿತು. ಅಂದರೆ ಕಲೆಕ್ಟರ್ ಸಾಹೇಬರಾಗಲು ಇಂಗ್ಲೀಷಿನಲ್ಲಿ ಬರೀ ಪಾಸಾದರೆ ನಡೆಯುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಕೂತು ರೈತನ ಪಾಸ್‌ಬುಕ್ ತುಂಬಿಕೊಡುವ ಕಾರಕೂನನಾಗಲು ಮಾತ್ರ ಇಂಗ್ಲೀಷಿನ ಒಂದೊಂದು ಅಂಕಕ್ಕೂ ಬಡಿದಾಡಬೇಕು! ಆ ಕಾರಕೂನನಿಗೆ ರಾಜ್ಯದ ಭಾಷೆ ಬರಲೇಬೇಕೆಂಬ ನಿಯಮವೂ ಇದೆ. ಕೆಲಸಕ್ಕೆ ಬೇಕಾದದ್ದು ಕನ್ನಡ, ಜರಡಿ ಹಿಡಿಯುವುದು ಇಂಗ್ಲೀಷಿನಲ್ಲಿ.

‘ಅವಸರ’ದ ಅವಾಂತರ

ಹೋಗಲಿ, ಜರಡಿ ಇದೆ, ಹಾಯಲೇಬೇಕು. ಹಾಯುವುದಕ್ಕೆ ಸಿಗುವ ಸಾಧನ ಎಂಥದು?

ಈ ಪರೀಕ್ಷೆಗಳ ಇಂಗ್ಲೀಷ್ ಪಾಠ ಬಹುಮಟ್ಟಿಗೆ ಉತ್ತರ ಭಾರತದಿಂದ ಬರುತ್ತದೆ. ಮೊಬೈಲಿನಲ್ಲಿ ಪುಕ್ಕಟೆ ಸಿಗುವ ಪಾಠ ಹಿಂದಿಯಲ್ಲಿ, ಝೆರಾಕ್ಸ್ ಅಂಗಡಿಗೆ ಬರುವ ಪಿಡಿಎಫ್ ಪಟ್ಟಿಯಲ್ಲಿ ಅರ್ಥವೂ ಹಿಂದಿಯಲ್ಲಿ. ಕನ್ನಡದ ಹುಡುಗ ಒಂದು ಪರಭಾಷೆ ಕಲಿಯಲು ಇನ್ನೊಂದು ಪರಭಾಷೆಯ ಮೂಲಕ ಹಾದುಹೋಗಬೇಕು. ಕುರುಡನ ಕೈಯನ್ನು ಮತ್ತೊಬ್ಬ ಕುರುಡ ಹಿಡಿದಂತೆ.

ಹಿಂದಿ, ಕನ್ನಡ ಎರಡರಲ್ಲೂ ಸಂಸ್ಕೃತದ ಶಬ್ದ ಬಹಳ ಇರುವುದರಿಂದ ಅನುಕೂಲವಲ್ಲವೇ ಎಂದು ಯಾರಿಗಾದರೂ ಅನ್ನಿಸೀತು. ಮೋಸ ಇರುವುದು ಅಲ್ಲಿಯೇ. ‘ಆಪರ್ಚುನಿಟಿ’ ಎಂಬ ಶಬ್ದದ ಎದುರು ಹಿಂದಿ ಪಟ್ಟಿಯಲ್ಲಿ ‘ಅವಸರ’ ಎಂದಿರುತ್ತದೆ. ಹಿಂದಿಯಲ್ಲಿ ಅವಸರ ಅಂದರೆ ಅವಕಾಶ, ಸಂಧಿ. ಕನ್ನಡದಲ್ಲಿ ಅವಸರ ಅಂದರೆ ಗಡಿಬಿಡಿ. ‘ನಾವೆಲ್’ ಎದುರು ‘ಉಪನ್ಯಾಸ’ ಎಂದಿರುತ್ತದೆ. ಹಿಂದಿಯವರಿಗೆ ಅದು ಕಾದಂಬರಿ, ನಮ್ಮವರಿಗೆ ಭಾಷಣ. ‘ಎಜುಕೇಶನ್’ ಎದುರು ‘ಶಿಕ್ಷಾ’. ಅವರಿಗೆ ಅದು ವಿದ್ಯೆ, ನಮಗೆ ದಂಡನೆ! ‘ವರ್ಲ್ಡ್’ ಎದುರು ‘ಸಂಸಾರ’. ಅವರಿಗೆ ಜಗತ್ತು, ನಮಗೆ ಹೆಂಡತಿ-ಮಕ್ಕಳು. ‘ರಿಕ್ವೆಸ್ಟ್’ ಎದುರು ‘ಆಗ್ರಹ’. ಅವರಿಗೆ ಅದು ವಿನಂತಿ, ನಮಗೆ ಹಕ್ಕೊತ್ತಾಯ.

ಇವು ಸುಲಭದ ಶಬ್ದಗಳು, ಹುಡುಗ ಹೇಗೋ ದಾಟಿಕೊಳ್ಳುತ್ತಾನೆ. ಗುರುತು ಪರಿಚಯವೇ ಇಲ್ಲದ ಶಬ್ದದ ಎದುರಿಗೆ ಇಂಥ ವೇಷಧಾರಿ ನಿಂತಿದ್ದರೆ? ತಪ್ಪು ಅರ್ಥವೇ ಗಟ್ಟಿಯಾಗಿ ತಲೆಯಲ್ಲಿ ಕೂತುಬಿಡುತ್ತದೆ. ಗೊತ್ತಿಲ್ಲದ ಶಬ್ದಕ್ಕೆ ಉತ್ತರ ಬಿಟ್ಟರೆ ಅಂಕ ಸಿಗುವುದಿಲ್ಲ, ಅಷ್ಟೇ. ತಪ್ಪು ಗೊತ್ತಿರುವ ಶಬ್ದಕ್ಕೆ ಧೈರ್ಯದಿಂದ ಟಿಕ್ ಹಾಕಿದರೆ ಇದ್ದ ಅಂಕವೂ ಹೋಗುತ್ತದೆ.

ಎಡವುವ ಕಲ್ಲು ಯಾವುದು?

ಈಗ ಆ ಸಣ್ಣ ಶಬ್ದಗಳ ಮಾತಿಗೆ ಬರೋಣ.

‘ಇಂಟರೆಸ್ಟ್’ ಎಂದರೆ ಏನು? ಸೊಸಾಯಿಟಿಯಲ್ಲಿ ಸಾಲ ಮಾಡಿದ ರೈತನ ಮಗನಿಗೆ ಅದು ಬಡ್ಡಿ. ಸಿನಿಮಾ ನೋಡುವ ಹುಡುಗನಿಗೆ ಅದು ಆಸಕ್ತಿ. ಇಂಗ್ಲೀಷ್ ಪರಿಚ್ಛೇದದಲ್ಲಿ ‘ಪಬ್ಲಿಕ್ ಇಂಟರೆಸ್ಟ್’ ಎಂದು ಬಂದರೆ ಬಡ್ಡಿಯೂ ಅಲ್ಲ, ಆಸಕ್ತಿಯೂ ಅಲ್ಲ. ಅದು ಹಿತ, ಜನಹಿತ. ‘ಅಡ್ರೆಸ್’ ಅಂದರೆ ವಿಳಾಸ ಎಂದು ಎಲ್ಲರೂ ಬಲ್ಲರು. ಸಮಸ್ಯೆಯನ್ನು ‘ಅಡ್ರೆಸ್’ ಮಾಡಬೇಕು ಎಂದು ಬರೆದಿದ್ದರೆ ಅದು ಪರಿಹಾರದ ಮಾತು, ಪೋಸ್ಟಿನ ಮಾತಲ್ಲ. ‘ಯೀಲ್ಡ್’ ಅಂದರೆ ಇಳುವರಿ, ಇದು ಕೃಷಿ ಇಲಾಖೆಯವರ ಬಾಯಲ್ಲಿ ಕೇಳಿದ್ದೇ. ಒತ್ತಡಕ್ಕೆ ‘ಯೀಲ್ಡ್’ ಆದರು ಎಂದರೆ ಮಣಿದರು ಎಂದರ್ಥ. ‘ಸಸ್ಪೆಂಡ್’ ಅಂದರೆ ತಲಾಠಿಯನ್ನು ಅಮಾನತು ಮಾಡಿದ್ದು ಎಂದಷ್ಟೇ ಗೊತ್ತಿರುವ ಹುಡುಗನಿಗೆ, ನೀರಿನಲ್ಲಿ ಧೂಳಿನ ಕಣಗಳು ‘ಸಸ್ಪೆಂಡ್’ ಆಗಿವೆ ಎಂದು ಓದಿದರೆ ತಲೆ ಗಿರ್ ಎನ್ನುತ್ತದೆ. ‘ಕಂಡಕ್ಟ್’ ಅಂದೊಡನೆ ಬಸ್ಸಿನ ಕಂಡಕ್ಟರ್ ನೆನಪಾಗುತ್ತಾನೆ. ಪರೀಕ್ಷೆ ನಡೆಸುವುದೂ ಅದೇ ಶಬ್ದ, ನಡತೆಯೂ ಅದೇ ಶಬ್ದ, ವಿದ್ಯುತ್ ಹರಿಸುವುದೂ ಅದೇ ಶಬ್ದ.

ಇವುಗಳಲ್ಲಿ ಯಾವುದೂ ಕಠಿಣ ಶಬ್ದಗಳ ಪಟ್ಟಿಯಲ್ಲಿ ಇರುವುದಿಲ್ಲ. ಪಟ್ಟಿಯಲ್ಲಿರುವ ‘ಪ್ಯೂಸಿಲ್ಯಾನಿಮಸ್’ ದಿನಪತ್ರಿಕೆಯಲ್ಲಿ ವರ್ಷಕ್ಕೊಮ್ಮೆ ಕಂಡರೆ ಪುಣ್ಯ. ‘ಅಡ್ರೆಸ್’, ‘ಇಂಟರೆಸ್ಟ್’, ‘ಸಬ್ಜೆಕ್ಟ್’ ಪ್ರತಿ ಪುಟದಲ್ಲಿ ಕಾಣುತ್ತವೆ. ಮದುವೆ ಮನೆಯಲ್ಲಿ ದೂರದ ನೆಂಟರ ಹೆಸರೆಲ್ಲ ಬಾಯಿಪಾಠ, ಅಡಿಗೆ ಮಾಡುವವರ ಪರಿಚಯವೇ ಇಲ್ಲ ಎಂದ ಹಾಗಾಯಿತು ಈ ಕಲಿಕೆ.

ಶಬ್ದಗಳ ಎಣಿಕೆ ಮಾಡಿದ ವಿದ್ವಾಂಸರೂ ಇದನ್ನೇ ಹೇಳುತ್ತಾರೆ. ಬ್ರಿಟಿಷರ ಕಾಲದಲ್ಲಿ ಬಂಗಾಳದಲ್ಲಿ ಶಿಕ್ಷಣಾಧಿಕಾರಿಯಾಗಿದ್ದ ಮೈಕೆಲ್ ವೆಸ್ಟ್, ಅಲ್ಲಿನ ಮಕ್ಕಳಿಗೆ ಇಂಗ್ಲೀಷ್ ಓದು ಹತ್ತುತ್ತಿಲ್ಲವೆಂದು ಕಂಡು ಕಡಿಮೆ ಶಬ್ದಗಳ ಪಾಠಪುಸ್ತಕ ಮಾಡಿದವರು. ಅವರು 1953ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಇದ್ದದ್ದು ಸುಮಾರು 2000 ಶಬ್ದ. ಸಾಮಾನ್ಯ ಇಂಗ್ಲೀಷ್ ಬರಹದ ಹತ್ತು ಶಬ್ದಗಳಲ್ಲಿ ಎಂಟು ಇಂಥ ಎರಡು ಸಾವಿರದೊಳಗೇ ಬರುತ್ತವೆ ಎಂಬುದು ಆಮೇಲಿನ ಎಣಿಕೆಗಳಿಂದ ತಿಳಿದುಬಂದ ಮಾತು. 2000ದಲ್ಲಿ ನ್ಯೂಜಿಲೆಂಡಿನ ಅವೆರಿಲ್ ಕಾಕ್ಸ್‌ಹೆಡ್ ಕಾಲೇಜು ಮಟ್ಟದ ಪುಸ್ತಕಗಳನ್ನು ಸೋಸಿ ಇನ್ನೊಂದು ಪಟ್ಟಿ ಮಾಡಿದರು. ಅದರಲ್ಲಿ ಬರೀ 570 ಶಬ್ದಕುಟುಂಬ. ಅಂಥ ಪುಸ್ತಕಗಳ ಹತ್ತರಲ್ಲಿ ಒಂದು ಶಬ್ದ ಈ 570ರಿಂದಲೇ ಬರುತ್ತದೆ. ‘ಅನಲೈಸ್’, ‘ಪಾಲಿಸಿ’, ‘ಇಂಡಿಕೇಟ್’, ‘ಕಾನ್‌ಸ್ಟಿಟ್ಯೂಟ್’ ಇಂಥವು. ಕಚೇರಿ ಕಡತದ ಭಾಷೆಯೂ ಇದೇ, ಪರೀಕ್ಷೆಯ ಪರಿಚ್ಛೇದದ ಭಾಷೆಯೂ ಇದೇ.

ಯಾರ ನೆರವೂ ಇಲ್ಲದೆ ಪತ್ರಿಕೆ, ಕಾದಂಬರಿ ಸರಾಗ ಓದಲು ಎಂಟೊಂಬತ್ತು ಸಾವಿರ ಶಬ್ದಕುಟುಂಬ ಬೇಕೆಂದು ಅದೇ ನ್ಯೂಜಿಲೆಂಡಿನ ಪಾಲ್ ನೇಷನ್ 2006ರಲ್ಲಿ ಲೆಕ್ಕ ಹಾಕಿದರು. ಆದರೆ ಮೊದಲಿನ ಎರಡು-ಮೂರು ಸಾವಿರವೇ ಪಕ್ಕಾ ಇಲ್ಲದವನು ಒಂಬತ್ತನೇ ಸಾವಿರದ ಶಬ್ದ ಹಿಡಿದು ಮಾಡುವುದೇನು? ಪಾಯ ಇಲ್ಲದೆ ಮಾಳಿಗೆ ಕಟ್ಟಿದ ಹಾಗೆ.

ಹುಟ್ಟಿದೂರಲ್ಲೇ ಬೆಲೆ ಇಲ್ಲ

ಕಠಿಣ ಶಬ್ದಗಳನ್ನು ಪಟ್ಟಿ ಹಿಡಿದು ಉರು ಹೊಡೆಯುವ ಈ ಚಾಳಿಯನ್ನು ಬೆಳೆಸಿದ್ದು ಬಹುಪಾಲು ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆಗಳು. ಅಲ್ಲಿಗೆ ಹೋಗಲಿಕ್ಕೆ ನಮ್ಮ ಎಂಜಿನಿಯರ್ ಹುಡುಗರು ಬರೆಯುವ ಜಿಆರ್‌ಇ, ಅಲ್ಲಿನ ಹೈಸ್ಕೂಲ್ ಮಕ್ಕಳು ಬರೆಯುವ ಸ್ಯಾಟ್. ಇವುಗಳಿಗಾಗಿ ಸಾವಿರಾರು ಶಬ್ದಗಳ ಪುಸ್ತಕಗಳು ಹುಟ್ಟಿಕೊಂಡವು, ಬೆಂಗಳೂರಿನ ಫುಟ್‌ಪಾತಿಗೂ ಬಂದವು.

ಆದರೆ ಅಮೆರಿಕದವರೇ ಈಗ ಆ ದಾರಿ ಬಿಟ್ಟು ಸರಿದಿದ್ದಾರೆ. ಒಂದು ಜೋಡಿ ಶಬ್ದಕ್ಕೆ ಇನ್ನೊಂದು ಜೋಡಿ ಹೊಂದಿಸುವ ಪ್ರಶ್ನೆಗಳನ್ನು ಸ್ಯಾಟ್ 2005ರಲ್ಲೇ ಕೈಬಿಟ್ಟಿತು. 2016ರಲ್ಲಿ ಅಪರೂಪದ ಶಬ್ದ ತುಂಬುವ ಪ್ರಶ್ನೆಗಳನ್ನೂ ತೆಗೆದುಹಾಕಿ, ಸಂದರ್ಭ ನೋಡಿ ಸಾಮಾನ್ಯ ಶಬ್ದದ ಅರ್ಥ ಹೇಳುವ ಪ್ರಶ್ನೆ ತಂದಿತು. ಜಿಆರ್‌ಇ 2011ರ ಆಗಸ್ಟಿನಲ್ಲಿ ವಿರುದ್ಧಪದದ ಪ್ರಶ್ನೆಗಳಿಗೆ ಎಳ್ಳುನೀರು ಬಿಟ್ಟಿತು. ಉರು ಹೊಡೆದವನಿಗೂ ಓದಿ ತಿಳಿದವನಿಗೂ ವ್ಯತ್ಯಾಸ ಗೊತ್ತಾಗಬೇಕು ಎಂಬುದೇ ಈ ಬದಲಾವಣೆಯ ಹಿಂದಿನ ವಿಚಾರ.

ನಮ್ಮಲ್ಲಿ ಮಾತ್ರ ಸಮಾನಾರ್ಥಕ, ವಿರುದ್ಧಾರ್ಥಕ, ನುಡಿಗಟ್ಟು, ಅನೇಕ ಶಬ್ದಕ್ಕೆ ಒಂದು ಶಬ್ದ, ಈ ಹಳೇ ಪ್ರಶ್ನೆಗಳು ಸಿಬ್ಬಂದಿ ನೇಮಕಾತಿ ಆಯೋಗದ ಪಠ್ಯಕ್ರಮದಲ್ಲಿ ಇನ್ನೂ ಇವೆ. ಆದ್ದರಿಂದ ಕಠಿಣ ಶಬ್ದ ಓದುವುದೇ ತಪ್ಪು ಎಂದು ಹೇಳಿದರೆ ಅದು ಹುಡುಗರಿಗೆ ಮಾಡುವ ಅನ್ಯಾಯವಾಗುತ್ತದೆ. ಓದಬೇಕು. ಮೊದಲು ಯಾವುದು, ಆಮೇಲೆ ಯಾವುದು, ಹೇಗೆ ಓದಬೇಕು ಎಂಬುದೇ ಪ್ರಶ್ನೆ.

ಬೇರು ಔಷಧಿ ಬಾಟಲಿಯಲ್ಲಿದೆ

ಇಂಗ್ಲೀಷಿನ ದೊಡ್ಡ ಶಬ್ದಗಳು ಬಹಳಷ್ಟು ಲ್ಯಾಟಿನ್, ಗ್ರೀಕ್ ಮೂಲದವು. ಬೇರು ಹಿಡಿದರೆ ಗಿಡ ಕೈಗೆ ಬರುತ್ತದೆ. ನಾರ್ಮನ್ ಲೂಯಿಸ್ ಎಂಬ ಅಮೆರಿಕದ ಶಿಕ್ಷಕರು 1949ರಲ್ಲಿ ಬರೆದ ‘ವರ್ಡ್ ಪವರ್ ಮೇಡ್ ಈಸಿ’ ಇದೇ ರೀತಿಯದು, ಇಂದಿಗೂ ನಮ್ಮಲ್ಲಿ ಓದುತ್ತಾರೆ. ಆದರೆ ಅದರ ಉದಾಹರಣೆಗಳೆಲ್ಲ ಆ ದೇಶದವು. ನಮ್ಮ ಹುಡುಗನಿಗೆ ಅವನ ಊರಿನಿಂದಲೇ ಉದಾಹರಣೆ ಕೊಡಬಹುದಲ್ಲ?

ಹತ್ತಿ, ಮೆಣಸಿನಕಾಯಿ ಬೆಳೆಯುವವರ ಮನೆಯಲ್ಲಿ ‘ಪೆಸ್ಟಿಸೈಡ್’ ಬಾಟಲಿ ಇರುತ್ತದೆ. ‘ಇನ್‌ಸೆಕ್ಟಿಸೈಡ್’ ಹುಳಕ್ಕೆ, ‘ಫಂಗಿಸೈಡ್’ ಬೂಷ್ಟಿಗೆ, ‘ಹರ್ಬಿಸೈಡ್’ ಕಳೆಗೆ. ಈ ‘ಸೈಡ್’ ಎಂಬ ಬಾಲ ಲ್ಯಾಟಿನಿನದು, ಕೊಲ್ಲು ಎಂದರ್ಥ. ಇದೊಂದು ಗೊತ್ತಾದರೆ ‘ಹೋಮಿಸೈಡ್’ ನರಹತ್ಯೆ, ‘ಇನ್‌ಫ್ಯಾಂಟಿಸೈಡ್’ ಶಿಶುಹತ್ಯೆ, ‘ಪ್ಯಾಟ್ರಿಸೈಡ್’ ಪಿತೃಹತ್ಯೆ, ‘ಫ್ರಾಟ್ರಿಸೈಡ್’ ಭ್ರಾತೃಹತ್ಯೆ, ‘ರೆಜಿಸೈಡ್’ ರಾಜಹತ್ಯೆ ಎಂದು ಸಾಲಾಗಿ ಹೊಳೆಯುತ್ತವೆ. ಒಂದು ಜನಾಂಗವನ್ನೇ ಅಳಿಸುವುದಕ್ಕೆ ‘ಜೆನೊಸೈಡ್’ ಎಂಬ ಶಬ್ದವನ್ನು ರಾಫೆಲ್ ಲೆಮ್ಕಿನ್ 1944ರಲ್ಲಿ ಕಟ್ಟಿದ್ದೂ ಇದೇ ಬಾಲ ಹಚ್ಚಿ.

‘ಮಲೇರಿಯಾ’ ಯಾರಿಗೆ ಗೊತ್ತಿಲ್ಲ? ಇಟಾಲಿಯನ್ನಿನಲ್ಲಿ ಕೆಟ್ಟ ಗಾಳಿ ಎಂದರ್ಥ. ಆ ‘ಮಲ್’ ಎಂದರೆ ಕೆಟ್ಟ. ಅಂಗನವಾಡಿಯ ‘ಮಾಲ್‌ನ್ಯೂಟ್ರಿಶನ್’ ಅಪೌಷ್ಟಿಕತೆ, ‘ಮಲೆವಲೆಂಟ್’ ಕೇಡು ಬಯಸುವವ. ಅದಕ್ಕೆ ಎದುರು ‘ಬೆನೆ’ ಎಂದರೆ ಒಳ್ಳೆಯದು. ಪಂಚಾಯತಿಯ ಪಟ್ಟಿಯಲ್ಲಿನ ‘ಬೆನಿಫಿಷರಿ’ ಫಲಾನುಭವಿ, ‘ಬೆನೆವಲೆಂಟ್’ ಒಳಿತು ಬಯಸುವವ. ಹುಚ್ಚುನಾಯಿ ಕಡಿದು ಬರುವ ರೋಗಕ್ಕೆ ‘ಹೈಡ್ರೋಫೋಬಿಯಾ’ ಎನ್ನುತ್ತಾರೆ, ಅಂದರೆ ನೀರಿನ ಭಯ. ‘ಫೋಬಿಯಾ’ ಬಂದಲ್ಲೆಲ್ಲ ಭಯ.

ಕನ್ನಡ ವ್ಯಾಕರಣ ಓದಿದವನಿಗೆ ಇದು ಹೊಸದೂ ಅಲ್ಲ. ನ್ಯಾಯಕ್ಕೆ ‘ಅ’ ಹಚ್ಚಿದರೆ ಅನ್ಯಾಯ, ಗತಿಗೆ ‘ದುರ್’ ಹಚ್ಚಿದರೆ ದುರ್ಗತಿ, ದೋಷಕ್ಕೆ ‘ನಿರ್’ ಹಚ್ಚಿದರೆ ನಿರ್ದೋಷ ಎಂದು ಹೈಸ್ಕೂಲಿನಲ್ಲೇ ಕಲಿತಿರುತ್ತಾನೆ. ಆ ತಿಳುವಳಿಕೆಯನ್ನೇ ಇಂಗ್ಲೀಷಿಗೆ ದಾಟಿಸುವ ಮೇಷ್ಟ್ರು ಬೇಕು. ಕನ್ನಡ ಮಾಧ್ಯಮ ಎಂಬುದು ಅಡ್ಡಿ ಎಂದು ಹುಡುಗರ ತಲೆಯಲ್ಲಿ ತುಂಬಿದ್ದಾರೆ. ಸರಿಯಾಗಿ ಬಳಸಿದರೆ ಅದೇ ಬಂಡವಾಳ.

ದಿನಕ್ಕೆ ಐವತ್ತೋ, ಹತ್ತೋ?

ದಿನಕ್ಕೆ ಐವತ್ತು ಶಬ್ದ ಎಂದು ಟಾರ್ಗೆಟ್ ಇಟ್ಟುಕೊಂಡವರು ಬಹಳ. ತಿಂಗಳಿಗೆ 1500, ವರ್ಷಕ್ಕೆ 18,000! ಕಾಗದದ ಮೇಲೆ ಲೆಕ್ಕ ಚೆಂದ. ತಲೆಯ ಲೆಕ್ಕ ಬೇರೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದರು. ಒಂದು ದಿನ ಕಳೆಯುವುದರೊಳಗೆ ಅರ್ಧಕ್ಕಿಂತ ಹೆಚ್ಚು ಹೋಗಿಬಿಟ್ಟಿತ್ತು. ವಾಕ್ಯವಿಲ್ಲದೆ, ಸಂದರ್ಭವಿಲ್ಲದೆ ಪಟ್ಟಿಯಿಂದ ಕಲಿತ ಶಬ್ದವೂ ಅರ್ಥವಿಲ್ಲದ ಅಕ್ಷರಗುಚ್ಛಕ್ಕೆ ಹತ್ತಿರದ್ದೇ.

ಇದಕ್ಕೆ ಪರಿಹಾರವನ್ನೂ ಬಲ್ಲವರು ಹೇಳಿದ್ದಾರೆ. ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಸೂಚಿಸಿದ ಡಬ್ಬಿ ಪದ್ಧತಿಗೆ ರೊಕ್ಕ ಬೇಡ, ಮೊಬೈಲ್ ಬೇಡ. ಹಳೇ ಲಗ್ನಪತ್ರಿಕೆ ಕತ್ತರಿಸಿ ಚೀಟಿ ಮಾಡಬೇಕು. ಒಂದು ಮಗ್ಗುಲಿಗೆ ಶಬ್ದ, ಇನ್ನೊಂದಕ್ಕೆ ಕನ್ನಡ ಅರ್ಥ ಮತ್ತು ಸ್ವಂತ ವಾಕ್ಯ. ನೆನಪಿದ್ದ ಚೀಟಿ ಮುಂದಿನ ಡಬ್ಬಿಗೆ, ಮರೆತದ್ದು ಮೊದಲನೇ ಡಬ್ಬಿಗೆ ವಾಪಸು. ಮೊದಲನೇ ಡಬ್ಬಿ ದಿನಾ ನೋಡುವುದು, ಮುಂದಿನವನ್ನು ಎರಡು-ಮೂರು ದಿನಕ್ಕೊಮ್ಮೆ, ವಾರಕ್ಕೊಮ್ಮೆ. ಮರೆತದ್ದಕ್ಕೆ ಹೆಚ್ಚು ವೇಳೆ, ನೆನಪಿದ್ದದ್ದಕ್ಕೆ ಕಡಿಮೆ ವೇಳೆ. ದಿನಕ್ಕೆ ಹತ್ತೇ ಶಬ್ದ ಕಲಿತು ಉಳಿಸಿಕೊಂಡರೆ ವರ್ಷಕ್ಕೆ ಮೂರು ಸಾವಿರ ದಾಟುತ್ತದೆ. ಅದರ ಜೋಡಿ ದಿನಕ್ಕೊಂದು ಇಂಗ್ಲೀಷ್ ಸುದ್ದಿ ಪೂರ್ತಿ ಓದಬೇಕು. ಮೂರು ಸಲ ಎದುರಾದ ಶಬ್ದಕ್ಕಷ್ಟೇ ಚೀಟಿ ಬರೆಯಬೇಕು. ಯಾವುದು ಬೇಕಾದ ಶಬ್ದ, ಯಾವುದು ಬೇಡಾದದ್ದು ಎಂಬುದನ್ನು ಓದೇ ಹೇಳಿಕೊಡುತ್ತದೆ.

ಆಯೋಗಕ್ಕೂ ತಾಗಿದ ರೋಗ

ಒಂದು ಶಬ್ದಕ್ಕೆ ಒಂದೇ ಅರ್ಥ, ಎಡಗಡೆಯದನ್ನು ತೆಗೆದು ಬಲಗಡೆಯದನ್ನು ಇಟ್ಟರೆ ಮುಗಿಯಿತು ಎಂಬ ಈ ರೋಗ ಬರೀ ಸಪ್ತಾಪುರದ ಹುಡುಗರದಲ್ಲ. ರಾಜ್ಯದ ಲೋಕಸೇವಾ ಆಯೋಗಕ್ಕೂ ತಾಗಿದ್ದನ್ನು ನಾಡೇ ನೋಡಿತು.

384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ನಡೆದ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡದ ಪ್ರಶ್ನೆಗಳು ಕನ್ನಡದವರಿಗೇ ಅರ್ಥವಾಗಲಿಲ್ಲ. ಇಂಗ್ಲೀಷಿನಿಂದ ಶಬ್ದಕ್ಕೆ ಶಬ್ದ ಇಟ್ಟ ಅನುವಾದ. ಗದ್ದಲವಾಗಿ, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮರುಪರೀಕ್ಷೆಗೆ ಸೂಚಿಸಿದರು. ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಯಿತು. ಅಲ್ಲಿಯೂ ಅನುವಾದದ ತಪ್ಪುಗಳು! ಮತ್ತೆ ಬೀದಿಗಿಳಿದ ಅಭ್ಯರ್ಥಿಗಳು, ಮತ್ತೆ ಕೋರ್ಟು ಕಚೇರಿ.

ಇದರ ಪರಿಣಾಮ ಏನಾಯಿತೆಂದರೆ, ಕನ್ನಡದಲ್ಲೇ ಪರೀಕ್ಷೆ ಬರೆಯುವವನೂ ಕನ್ನಡದ ಪ್ರಶ್ನೆ ತಿಳಿಯಲು ಕೆಳಗಿನ ಇಂಗ್ಲೀಷ್ ಪ್ರಶ್ನೆ ಓದಬೇಕಾಗಿ ಬಂತು. ಇಂಗ್ಲೀಷ್ ಶಬ್ದಸಂಪತ್ತು ಇಲ್ಲದಿದ್ದರೆ ಕನ್ನಡದ ಪರೀಕ್ಷೆಯೂ ಪಾಸಾಗುವುದಿಲ್ಲ ಎಂಬ ಹೆದರಿಕೆಯನ್ನು ಹುಟ್ಟಿಸಿದ್ದು ಕನ್ನಡ ನಾಡಿನದೇ ಆಯೋಗ. ಪಟ್ಟಿ ಮಾರುವವರಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕೇ?

ಬಡತನ ಕೋಶದ್ದಲ್ಲ

ಕನ್ನಡದಲ್ಲಿ ಅರ್ಥ ಹೇಳುವ ಕೋಶಗಳೇ ಇಲ್ಲ ಎನ್ನುವ ಹಾಗಿಲ್ಲ. ವಿಲಿಯಂ ರೀವ್ ಇಂಗ್ಲೀಷ್-ಕನ್ನಡ ಕೋಶ ತಂದದ್ದು 1824ರಲ್ಲಿ. ಕಿಟೆಲ್ ಸಾಹೇಬರ ಕನ್ನಡ-ಇಂಗ್ಲೀಷ್ ಕೋಶ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಿದ್ದದ್ದು 1894ರಲ್ಲಿ. ಮೈಸೂರು ವಿಶ್ವವಿದ್ಯಾಲಯ 1946ರಲ್ಲಿ ದೊಡ್ಡ ಇಂಗ್ಲೀಷ್-ಕನ್ನಡ ನಿಘಂಟು ಪ್ರಕಟಿಸಿತು. 2021ರಲ್ಲಿ 107ರ ವಯಸ್ಸಿನಲ್ಲಿ ತೀರಿಕೊಂಡ ಜಿ. ವೆಂಕಟಸುಬ್ಬಯ್ಯನವರು ಶಬ್ದದ ಕೆಲಸಕ್ಕೇ ಬದುಕು ಸವೆಸಿದರು. ಇಷ್ಟು ದೊಡ್ಡ ಆಸ್ತಿ ಇಟ್ಟುಕೊಂಡು, ಎರಡು-ಮೂರು ಸಾವಿರ ಇಂಗ್ಲೀಷ್ ಶಬ್ದಗಳಿಗೆ ವಾಕ್ಯಸಹಿತ ಕನ್ನಡ ಅರ್ಥ ಕೊಡುವ ಒಂದು ಕಿಸೆ ಪುಸ್ತಕ ಹುಡುಗರ ಕೈಗೆ ಸಿಗದೆ, ಅವರು ಹಿಂದಿ ಪಿಡಿಎಫ್ ಹುಡುಕುತ್ತಾರೆಂದರೆ ಯಾರಿಗೆ ಅವಮಾನ?

ಸಾಲಿಯ ಪಾಲೂ ಇದರಲ್ಲಿದೆ. ಸರಕಾರಿ ಶಾಲೆಗಳಲ್ಲಿ ಒಂದನೇ ಇಯತ್ತೆಯಿಂದ ಇಂಗ್ಲೀಷನ್ನು ಒಂದು ವಿಷಯವಾಗಿ ಕಲಿಸಲು ಶುರುವಾದದ್ದು 2007ರಲ್ಲಿ. ಆ ವರ್ಷ ಒಂದನೇ ಇಯತ್ತೆಗೆ ಹೋದ ಮಕ್ಕಳೇ ಈಗ ಈ ಓದುವ ಖೋಲಿಗಳಲ್ಲಿ ಕೂತಿರುವ ಹುಡುಗ-ಹುಡುಗಿಯರು. ಹತ್ತು ವರ್ಷ ಸಾಲಿಯಲ್ಲಿ, ಮತ್ತೆ ಕಾಲೇಜಿನಲ್ಲಿ ಇಂಗ್ಲೀಷ್ ಕಲಿತು ಬಂದವರಿಗೆ ಎರಡು ಸಾವಿರ ಶಬ್ದ ಪಕ್ಕಾ ಇಲ್ಲವೆಂದರೆ ತಪ್ಪು ಮಕ್ಕಳದೊಂದೇ ಅಲ್ಲ. ಪ್ರಶ್ನೋತ್ತರ ಬರೆಸಿ, ಗೈಡು ತೋರಿಸಿ, ಮೂವತ್ತೈದು ಅಂಕ ದಾಟಿಸಿ ಕಳಿಸಿದವರು ಉತ್ತರ ಹೇಳಬೇಕು.

ಮಾಡಬೇಕಾದದ್ದೇನು?

ಮೊದಲನೆಯದು ಇಲ್ಲೇ ಆಗುವ ಕೆಲಸ. 1950ರಿಂದ ಈ ಊರಿನಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲೀಷ್ ವಿಭಾಗವೂ ಇದೆ, ಕನ್ನಡ ಅಧ್ಯಯನ ಪೀಠವೂ ಇದೆ. ಎರಡೂ ಕೂಡಿ ಕೂತರೆ ಆ ಕಿಸೆ ಪುಸ್ತಕ ಆರು ತಿಂಗಳ ಕೆಲಸ. ಅದನ್ನು ಅಚ್ಚು ಹಾಕಿ ಸರಕಾರಿ ಗ್ರಂಥಾಲಯಗಳಲ್ಲಿ ಪುಕ್ಕಟೆ ಇಡಲಿ.

ಎರಡನೆಯದು ಬೆಂಗಳೂರಿನಲ್ಲಿ ಆಗಬೇಕಾದದ್ದು. ಲೋಕಸೇವಾ ಆಯೋಗ ಪ್ರಶ್ನೆಗಳನ್ನು ಇಂಗ್ಲೀಷಿನಲ್ಲಿ ಮಾಡಿ ಕನ್ನಡಕ್ಕೆ ಎಳೆಯುವುದನ್ನು ಬಿಟ್ಟು, ಕನ್ನಡದಲ್ಲೇ ಪ್ರಶ್ನೆ ತೆಗೆಯಬಲ್ಲವರನ್ನು ಕೂಡ್ರಿಸಲಿ.

ಮೂರನೆಯದು ದಿಲ್ಲಿಯಲ್ಲಿ ಆಗಬೇಕಾದದ್ದು. ಕಲೆಕ್ಟರ್ ಪರೀಕ್ಷೆಗೆ ಇರುವ ನಿಯಮವನ್ನೇ ಕಾರಕೂನ ಪರೀಕ್ಷೆಗೂ ತಂದು, ಇಂಗ್ಲೀಷಿನಲ್ಲಿ ಪಾಸಾದರೆ ಸಾಕು, ಅಂಕ ರ್‍ಯಾಂಕಿಗೆ ಸೇರದು ಎಂದು ಮಾಡಲಿ. ಈ ಭಾಗದ ಸಂಸದರು ಪಾರ್ಲಿಮೆಂಟಿನಲ್ಲಿ ಈ ಒಂದು ಪ್ರಶ್ನೆ ಎತ್ತಲು ಯಾರಪ್ಪಣೆ ಬೇಕು?

ಇದೆಲ್ಲ ಆಗುವ ತನಕ ಹುಡುಗರು ಸುಮ್ಮನೆ ಕೂಡುವಂತಿಲ್ಲ. ವಯೋಮಿತಿಯ ಗಡಿಯಾರ ಯಾರಿಗೂ ನಿಲ್ಲುವುದಿಲ್ಲ. ತಿಂಗಳಾ ಊರಿನಿಂದ ಬರುವ ರೊಕ್ಕ ಎಮ್ಮೆ ಹಾಲಿನದೋ, ಸಂಘದ ಸಾಲದ್ದೋ ಎಂಬುದು ಅವರಿಗೇ ಚೆನ್ನಾಗಿ ಗೊತ್ತು. ಹೊಸ ಪಟ್ಟಿ ಕೊಳ್ಳುವ ಮುಂಚೆ ಗೊತ್ತಿದೆ ಎಂದುಕೊಂಡ ಎರಡು ಸಾವಿರ ಶಬ್ದ ನಿಜವಾಗಿ ಗೊತ್ತಿವೆಯೇ ಎಂದು ಒಮ್ಮೆ ಪರೀಕ್ಷಿಸಿಕೊಂಡರೆ ಒಂದು ವರ್ಷವಾದರೂ ಉಳಿದೀತು. ಉಳಿದದ್ದನ್ನು ಮಾಡಬೇಕಾದವರು ವಿಶ್ವವಿದ್ಯಾಲಯದಲ್ಲಿ, ಆಯೋಗದಲ್ಲಿ, ಪಾರ್ಲಿಮೆಂಟಿನಲ್ಲಿ ಕೂತಿದ್ದಾರೆ. ಸಂಬಂಧಪಟ್ಟವರು ಇನ್ನಾದರೂ ಇತ್ತ ಗಮನ ಕೊಡಲಿ.